ಕರಿಯ ಹೋದ ದಾರಿ

"ಅಪ್ಪಾ, ನಿಂದ್ರು. ಓಡಬ್ಯಾಡ. ಕೈಯಾಗಿನ ಕೋಲು ಕೆಳಗಿಡು."

ಮಗಳು ಮೆಲ್ಲಗೆ ಹೇಳುವಷ್ಟರಲ್ಲಿ ಮೂರು ಬಿಳಿ ನಾಯಿಗಳು ಹುಲ್ಲಿನ ಏರಿನಿಂದ ನಮ್ಮ ಕಡೆ ಇಳಿದಿದ್ದವು. ದೂರದಿಂದ ಅವೂ ಕುರಿಗಳೆಂದೇ ತಿಳಿದಿದ್ದೆ. ಹತ್ತಿರ ಬಂದ ಹಾಗೆ ಒಂದೊಂದೂ ಕರುವಿನಷ್ಟು ದೊಡ್ಡದಾಗಿ ಕಂಡಿತು. ಎರಡು ನಾಯಿಗಳು ಅರ್ಧ ದಾರಿಯಲ್ಲೇ ನಿಂತು ಬೊಗಳತೊಡಗಿದವು. ಮೂರನೆಯದು ಹತ್ತು ಮಾರು ದೂರದವರೆಗೆ ಬಂದು, ನಮಗೂ ಹಿಂಡಿಗೂ ನಡುವೆ ಅಡ್ಡಲಾಗಿ ನಿಂತಿತು. ಮೈಮೇಲೆ ಬೀಳುವ ನಾಯಿಯ ಚಡಪಡಿಕೆ ಅದರಲ್ಲಿ ಇರಲಿಲ್ಲ. ಹೊಸಬರು ಬಂದಾಗ ಬಾಗಿಲಿಗೆ ಬಂದು ನಿಲ್ಲುವ ಮನೆಯ ಹಿರಿಯನ ಹಾಗಿತ್ತು. ನಾವು ಬಲಕ್ಕೆ ಸುತ್ತು ಹಾಕಿ ನಡೆದೆವು. ನಾವು ಸರಿದಷ್ಟೂ ಅದೂ ಸರಿಯಿತು. ನಾವು ದಿಬ್ಬ ದಾಟಿದ ಮೇಲೆ ಒಮ್ಮೆ ಮೈ ಕೊಡವಿ, ಕುರಿಗಳ ನಡುವೆ ಹೋಗಿ ಮಲಗಿತು. ಅಷ್ಟು ಹೊತ್ತೂ ಒಂದು ಕುರಿಯೂ ಮೇಯುವುದನ್ನು ಬಿಟ್ಟು ತಲೆ ಎತ್ತಿರಲಿಲ್ಲ.

ಆ ಗಳಿಗೆಯಲ್ಲಿ ನನಗೆ ನಮ್ಮ ಹಟ್ಟಿಯ ನಾಯಿ ಕರಿಯ ನೆನಪಾದ. ಐವತ್ತು ವರ್ಷ ಕಳೆದಿದ್ದರೂ ಮರೆತಿಲ್ಲ, ಅವನು ಮಲಗುತ್ತಿದ್ದದ್ದೂ ಹೀಗೆಯೇ, ಹಿಂಡಿನ ನಟ್ಟನಡುವೆ.

ನಾವಿದ್ದದ್ದು ಇಟಲಿಯ ಅಬ್ರುಝೊ ಸೀಮೆಯ ಕಾಂಪೊ ಇಂಪೆರಾತೋರೆ ಎಂಬ ಎತ್ತರದ ಬಯಲಿನಲ್ಲಿ. ರೋಮ್‌ನಿಂದ ಪೂರ್ವಕ್ಕೆ ಎರಡು ಗಂಟೆ ಪ್ರಯಾಣ ಮಾಡಿದರೆ ಲಾಕ್ವಿಲಾ ಪಟ್ಟಣ, ಅಲ್ಲಿಂದ ಬೆಟ್ಟ ಹತ್ತಿದರೆ ಈ ಬಯಲು. ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರ, ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದ. ಮರವೆಂಬುದು ಹುಡುಕಿದರೂ ಸಿಗದು. ಕಣ್ಣು ಹಾಯುವಷ್ಟು ದೂರ ಹುಲ್ಲು, ತಲೆಯ ಮೇಲೆ 2,912 ಮೀಟರಿನ ಕೊರ್ನೊ ಗ್ರಾಂದೆ ಶಿಖರ. ಇಟಲಿಯವರು ಇದನ್ನು 'ಚಿಕ್ಕ ಟಿಬೆಟ್' ಎನ್ನುತ್ತಾರೆ. ಇದೇ ಗ್ರಾನ್ ಸಾಸೊ ಪರ್ವತದ ಹೊಟ್ಟೆಯೊಳಗೆ, 1,400 ಮೀಟರ್ ಬಂಡೆಯ ಅಡಿಯಲ್ಲಿ, ಭೌತವಿಜ್ಞಾನದ ದೊಡ್ಡ ಪ್ರಯೋಗಾಲಯವಿದೆ. ಮಗಳಿಗೆ ಅಲ್ಲಿ ಕೆಲಸ. ಬೇಸಿಗೆಯ ಮೂರು ವಾರ ಬಂದಿರು ಎಂದು ಕರೆದಿದ್ದಳು. ಅವಳು ಬೆಟ್ಟದ ಒಳಗಿದ್ದಾಗ ನಾನು ಬೆಟ್ಟದ ಮೇಲಿರಲಿ ಎಂದು, ಪರಿಚಯದ ಒಂದು ಕುರಿಗಾರರ ಮನೆಯಲ್ಲಿ ಇಳಿಯಲು ಏರ್ಪಾಡು ಮಾಡಿದ್ದಳು. "ನಿನಗ ಮ್ಯೂಸಿಯಂ ಬೇಡ, ಕುರಿ ಬೇಕು," ಅಂದಳು. ನಿಜವೇ. ನಾನು ಕುಷ್ಟಗಿ ಸೀಮೆಯ ಹಾಲುಮತದ ಹಟ್ಟಿಯಲ್ಲಿ ಹುಟ್ಟಿದವನು.

ಆ ಮನೆಯಲ್ಲಿ ನಾನೂರು ಕುರಿ, ಐದು ನಾಯಿ. ಮನೆಯೊಡತಿಗೆ ನನಗಿಂತ ಐದಾರು ವರ್ಷ ಹೆಚ್ಚಿದ್ದೀತು. ನಾನು ಸಿನ್ಯೋರಾ ಎಂದು ಕರೆಯುತ್ತಿದ್ದೆ, ನಮ್ಮಲ್ಲಿ ಅಮ್ಮ ಎನ್ನುವ ಹಾಗೆ. ನನಗೆ ಅವರ ಭಾಷೆ ಬಾರದು, ಅವರಿಗೆ ನನ್ನದು. ಆದರೆ ಕುರಿ ಹಿಡಿದು ಗೊರಸು ನೋಡುವಾಗ, ಹಾಲು ಕರೆಯುವಾಗ, ಹೆಚ್ಚು ಮಾತು ಬೇಕಾಗಲಿಲ್ಲ. ಸಂಜೆ ಮಗಳು ಫೋನಿನಲ್ಲಿ ಉಳಿದದ್ದನ್ನು ಬಿಡಿಸಿ ಹೇಳುತ್ತಿದ್ದಳು.

ಈ ನಾಯಿಗಳ ಜಾತಿಗೆ ಮರೆಮ್ಮಾನೊ-ಅಬ್ರುಝೇಸೆ ಎಂದು ಹೆಸರು. ಗಂಡು ಭುಜದ ಹತ್ತಿರ 65ರಿಂದ 73 ಸೆಂಟಿಮೀಟರ್ ಎತ್ತರ, 35ರಿಂದ 45 ಕಿಲೋ ತೂಕ. ದಟ್ಟ ಕೂದಲಿನಿಂದಾಗಿ ಇನ್ನೂ ದೊಡ್ಡದಾಗಿ ಕಾಣುತ್ತದೆ. ಹೆಸರಿನಲ್ಲಿ ಎರಡು ಸೀಮೆ ಸೇರಿರುವುದಕ್ಕೆ ಕಾರಣವಿದೆ. ಬೇಸಿಗೆಯಲ್ಲಿ ಅಬ್ರುಝೊ ಬೆಟ್ಟದಲ್ಲಿ ಮೇಯುತ್ತಿದ್ದ ಹಿಂಡುಗಳಲ್ಲಿ ಕೆಲವು ಚಳಿಗಾಲಕ್ಕೆ ಪಶ್ಚಿಮ ಕರಾವಳಿಯ ಮರೆಮ್ಮಾ ಬಯಲಿಗೆ ಇಳಿಯುತ್ತಿದ್ದವು. ಹಿಂಡಿನ ಜೊತೆ ನಾಯಿಯೂ ಹೋಗಿ ಬರುತ್ತಿತ್ತು. ಎರಡೂ ಕಡೆಯವರು ನಾಯಿ ನಮ್ಮದು ಎಂದರು. ಕೊನೆಗೆ 1958ರಲ್ಲಿ ಎರಡನ್ನೂ ಒಂದೇ ತಳಿಯೆಂದು ಬರೆದುಕೊಂಡರು. ಟರ್ಕಿಯ ಕಂಗಲ್, ಪಿರೆನೀಸ್ ಬೆಟ್ಟದ ಬಿಳಿ ನಾಯಿ, ನಮ್ಮ ಹಿಮಾಲಯದ ಕುರಿಗಾಹಿಗಳ ಭೋಟಿಯಾ ಎಲ್ಲವೂ ಇದೇ ಕಸುಬಿನವು. ಇವು ಕುರಿಯನ್ನು ಅಟ್ಟುವುದಿಲ್ಲ, ತಿರುಗಿಸುವುದಿಲ್ಲ; ಆ ಕೆಲಸಕ್ಕೆ ಬೇರೆ ನಾಯಿಗಳಿವೆ. ಇವುಗಳ ಕೆಲಸ ಜೊತೆಗಿರುವುದು.

ಜೊತೆಗಿರುವುದು ಎಂಬ ಮಾತಿನ ಅರ್ಥ ನನಗೆ ತಿಳಿದದ್ದು ಎರಡನೆಯ ದಿನ. ಕೊಟ್ಟಿಗೆಯ ಮೂಲೆಯಲ್ಲಿ ನೇವೆ ಎಂಬ ಹೆಣ್ಣು ನಾಯಿ ಎರಡು ತಿಂಗಳ ಹಿಂದೆ ಐದು ಮರಿ ಹಾಕಿತ್ತು. ಕುರಿಗಳು ಮಲಗುವ ಅದೇ ಹುಲ್ಲಿನ ಹಾಸು, ಅದೇ ಉಚ್ಚೆ-ಹಿಕ್ಕೆಯ ವಾಸನೆ. ಕಣ್ಣು ಬಿಡುವ ಮೊದಲೇ ಆ ಮರಿಗಳಿಗೆ ಕುರಿಯ ವಾಸನೆ ತಾಯಿಯ ವಾಸನೆಯೊಂದಿಗೆ ಬೆರೆತುಹೋಗಿತ್ತು. ಈಗ ಅವನ್ನು ಐದಾರು ಕುರಿಮರಿಗಳ ಜೊತೆ ಸಣ್ಣ ಅಂಕಣದಲ್ಲಿ ಬಿಟ್ಟಿದ್ದರು. ಒಂದು ಮರಿ ನನ್ನ ಕಾಲ ಬಳಿ ಬಂದು ಲುಂಗಿಯ ಅಂಚು ಎಳೆಯಿತು. ಹತ್ತಿಯ ಮುದ್ದೆಯಂಥದು. ಎತ್ತಿಕೊಂಡು ಅಂಗಳಕ್ಕೆ ತಂದೆ, ತೊಡೆಯ ಮೇಲೆ ಕೂರಿಸಿ ಬಿಸ್ಕತ್ತು ತಿನ್ನಿಸಿದೆ. ಅದು ಅಲ್ಲೇ ನಿದ್ದೆಹೋಯಿತು.

ಸಿನ್ಯೋರಾ ಬಂದು ನೋಡಿದರು. ಸಿಟ್ಟಾಗಲಿಲ್ಲ. ಮರಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಒಂದು ಕುರಿಮರಿಯ ಹೊಟ್ಟೆಗೆ ಒತ್ತಿಕೊಳ್ಳುವಂತೆ ಮಲಗಿಸಿದರು. ಆಮೇಲೆ ನನ್ನತ್ತ ತಿರುಗಿ, ನನ್ನ ಎದೆಯನ್ನು ಬೆರಳಿನಿಂದ ಮುಟ್ಟಿ ಇಲ್ಲವೆಂದು ತಲೆಯಾಡಿಸಿದರು. ಕುರಿಮರಿಯ ಎದೆಯನ್ನು ಮುಟ್ಟಿ ಹೌದೆಂದರು. ಮಗಳು ಬಂದ ಮೇಲೆ ವಿವರ ತಿಳಿಯಿತು. ಮರಿಯನ್ನು ದಿನಾ ಮುಟ್ಟಬೇಕು, ಬಾಯಿ ತೆರೆದು ನೋಡಬೇಕು, ಪಾದ ಹಿಡಿಯಬೇಕು. ಮುಂದೆ ವೈದ್ಯರು ಬಂದಾಗ ಮನುಷ್ಯರ ಕೈಗೆ ಅದು ಹೆದರಬಾರದು. ಆದರೆ ಅದನ್ನು ಅಂಗಳಕ್ಕೆ ತರಬಾರದು. ನಾಯಿಮರಿಯ ಮನಸ್ಸು ಮೂರನೆಯ ವಾರದಿಂದ ಮೂರು ನಾಲ್ಕು ತಿಂಗಳವರೆಗೆ ಹಸಿ ಮಣ್ಣಿನ ಹಾಗೆ. ಆಗ ಯಾರ ಜೊತೆ ಉಂಡು, ಮಲಗಿ, ಆಡುತ್ತದೋ ಅವರೇ ಅದರ ಬಳಗ. ನಾನು ಮುದ್ದು ಮಾಡಿದ ಆ ಅರ್ಧ ಗಂಟೆ ಪ್ರತಿದಿನ ಸಿಕ್ಕರೆ, ದೊಡ್ಡದಾದ ಮೇಲೆ ಅದು ಹಿಂಡನ್ನು ಬಿಟ್ಟು ಅಡುಗೆಮನೆಯ ಬಾಗಿಲಿಗೆ ಬಂದು ಕೂರುತ್ತದೆ. ಅತ್ತ ಹಿಂಡಿಗೆ ತೋಳ ಬೀಳುತ್ತದೆ.

ಬಳಗ ಕುರಿಯದೇ ಆಗಬೇಕೆಂದೂ ಇಲ್ಲ. ಆಸ್ಟ್ರೇಲಿಯಾದ ವಾರ್ನಂಬೂಲ್ ಊರಿನ ಕರಾವಳಿಯಲ್ಲಿ ಮಿಡಲ್ ಐಲೆಂಡ್ ಎಂಬ ಚಿಕ್ಕ ದ್ವೀಪವಿದೆ. ಅಲ್ಲಿ ನೂರಾರಿದ್ದ ಪುಟ್ಟ ಪೆಂಗ್ವಿನ್ ಹಕ್ಕಿಗಳು ನರಿಗಳ ಬಾಯಿಗೆ ಸಿಕ್ಕಿ ಹತ್ತಕ್ಕಿಂತ ಕಡಿಮೆಯಾಗಿದ್ದವು. 2006ರಲ್ಲಿ ಇದೇ ತಳಿಯ ನಾಯಿಗಳನ್ನು ಪೆಂಗ್ವಿನ್‌ಗಳ ಕಾವಲಿಗೆ ತಂದು ಬಿಟ್ಟರು. ಹಕ್ಕಿಗಳು ಮತ್ತೆ ಹೆಚ್ಚಿದವು. ಸಾವಿರಾರು ವರ್ಷ ಕುರಿ ಕಾದ ನಾಯಿಯ ರಕ್ತ ಸಮುದ್ರದ ಹಕ್ಕಿಯನ್ನೂ ತನ್ನದೆಂದು ಒಪ್ಪಿಕೊಂಡಿತು. ಇದರಲ್ಲಿ ಕಲಿಸಿದ ಪಾಠಕ್ಕಿಂತ ಕೂಡಿ ಬಾಳಿದ ಋಣ ದೊಡ್ಡದು ಎಂದು ನನಗೆ ಅನ್ನಿಸಿತು.

ಋಣ ಎಂದಾಗ ನಮ್ಮ ಮನೆಯ ಕಥೆ ಹೇಳಲೇಬೇಕು. 1972ರ ಬರದಲ್ಲಿ ಅಪ್ಪ ಕುರಿಗಳನ್ನು ಮಾರಿದ. ಮೇವಿಲ್ಲ, ನೀರಿಲ್ಲ, ಕಾಲುವೆ ಸೀಮೆಗೆ ಹೋಗಿ ಹೊಲದಲ್ಲಿ ಕುರಿ ನಿಲ್ಲಿಸೋಣವೆಂದರೆ ಅಲ್ಲಿಯವರೆಗೆ ನಡೆಯುವ ಶಕ್ತಿ ಕುರಿಗಳಿಗೆ ಉಳಿದಿರಲಿಲ್ಲ. ಉಳಿದ ಅರವತ್ತನ್ನು ಯಲಬುರ್ಗಾ ಕಡೆಯ ಒಬ್ಬರು ಕೊಂಡರು. ಅವರು ಕರಿಯನನ್ನೂ ಕೇಳಿದರು. "ಕುರಿ ಕೊಟ್ಟೀನಿ, ಮನೀ ಮಗನ್ನ ಕೊಡಂಗಿಲ್ಲ," ಅಂದ ಅಪ್ಪ. ನಾವು ಕೊಪ್ಪಳಕ್ಕೆ ಬಂದೆವು. ಅಪ್ಪ ಹಮಾಲಿಗೆ ನಿಂತ. ಕರಿಯನನ್ನು ಬೇವಿನ ಮರಕ್ಕೆ ಕಟ್ಟಿದೆವು. ಮೂರು ದಿನ ರೊಟ್ಟಿ ಮೂಸಲಿಲ್ಲ. ನಾಲ್ಕನೆಯ ರಾತ್ರಿ ಹಗ್ಗ ಕಡಿದು ಹೋದ. ಅಪ್ಪ ನನ್ನನ್ನೂ ಕರೆದುಕೊಂಡು ಹುಡುಕಿ ಹೊರಟ. ಎರಡು ದಿನ ನಡೆದು ಆ ಹಿಂಡಿನ ಹತ್ತಿರ ಹೋದಾಗ, ಅವನು ನಮ್ಮ ಕುರಿಗಳ ನಡುವೆ ಮಲಗಿದ್ದ. ನಾವು ಬರಿಗೈಲಿ ಹಿಂದಿರುಗಿದೆವು. ದಾರಿಯಲ್ಲಿ ಅಪ್ಪ ಒಂದೇ ಮಾತು ಹೇಳಿದ: "ರೊಟ್ಟಿ ಹಾಕಿದ ಕೈ ಮರೀತು ನೋಡು." ಆಮೇಲೆ ಅಪ್ಪ ಸಾಯುವವರೆಗೂ ನಾಯಿ ಸಾಕಲಿಲ್ಲ. ಆ ಮಾತಿನ ಮುಳ್ಳು ನನ್ನಲ್ಲೂ ಮುರಿದು ಉಳಿಯಿತು.

ಒಂದು ಭಾನುವಾರ ಮಗಳು ನನ್ನನ್ನು ಅಮಿಟೆರ್ನಮ್‌ಗೆ ಕರೆದುಕೊಂಡು ಹೋದಳು. ಲಾಕ್ವಿಲಾದ ಪಕ್ಕದಲ್ಲೇ ಇರುವ ರೋಮನ್ನರ ಕಾಲದ ಹಾಳೂರು. ರಂಗಮಂದಿರದ ಕಲ್ಲಿನ ಮೆಟ್ಟಿಲುಗಳ ನಡುವೆ ಹುಲ್ಲು ಬೆಳೆದಿದೆ. ಅಲ್ಲಿ ಕುಳಿತು ಅವಳು ಒಂದು ಕಥೆ ಹೇಳಿದಳು. ಕ್ರಿ.ಪೂ. 37ರಲ್ಲಿ, ತನ್ನ ಎಂಬತ್ತನೆಯ ವಯಸ್ಸಿನಲ್ಲಿ, ವಾರೋ ಎಂಬ ರೋಮನ್ ಪಂಡಿತ ಬೇಸಾಯದ ಮೇಲೆ ಒಂದು ಗ್ರಂಥ ಬರೆದ. ಅದರಲ್ಲಿ ಕುರಿ ನಾಯಿಗಳ ಬಗ್ಗೆಯೂ ವಿವರವಾಗಿ ಹೇಳಿದ್ದಾನೆ. ಇದೇ ಅಮಿಟೆರ್ನಮ್‌ನ ಔಫಿಡಿಯಸ್ ಪೊಂಟಿಯಾನಸ್ ಎಂಬುವನು ಉಂಬ್ರಿಯಾ ಸೀಮೆಯ ತುದಿಯಲ್ಲಿ ಕುರಿ ಹಿಂಡುಗಳನ್ನು ಕೊಂಡನಂತೆ. ಹಿಂಡಿನ ಜೊತೆ ನಾಯಿಗಳೂ ವ್ಯಾಪಾರದಲ್ಲಿ ಸೇರಿದ್ದವು, ಕುರಿಗಾಹಿಗಳು ಸೇರಿರಲಿಲ್ಲ. ಕುರಿಗಾಹಿಗಳು ಹಿಂಡನ್ನು ದೂರದ ದಕ್ಷಿಣದ ಕಾವಲಿಗೆ ಮುಟ್ಟಿಸಿ ತಮ್ಮ ಊರಿಗೆ ಮರಳಿದರು. ಕೆಲವೇ ದಿನಗಳಲ್ಲಿ ನಾಯಿಗಳು ಆ ಜನರ ಹಂಬಲದಿಂದ ತಾವಾಗಿ ಹೊರಟವು. ಎಷ್ಟೋ ದಿನಗಳ ಹಾದಿ. ಹೊಲಗಳಲ್ಲಿ ಸಿಕ್ಕಿದ್ದನ್ನು ತಿನ್ನುತ್ತ ಉಂಬ್ರಿಯಾ ತಲುಪಿದವು.

ಕೇಳಿ ನನ್ನ ಎದೆ ಭಾರವಾಯಿತು. ಎರಡು ಸಾವಿರ ವರ್ಷದ ಹಿಂದಿನ ನಾಯಿಗಳು ಕುರಿಯನ್ನು ಬಿಟ್ಟು ಮನುಷ್ಯರನ್ನು ಹುಡುಕಿ ಬಂದವು. ನಮ್ಮ ಕರಿಯ ಮನುಷ್ಯರನ್ನು ಬಿಟ್ಟು ಕುರಿಯನ್ನು ಹುಡುಕಿ ಹೋದ. ಹಾಗಾದರೆ ಅಪ್ಪ ಹೇಳಿದ್ದೇ ನಿಜವೇ? ಮಗಳಿಗೆ ಏನೂ ಹೇಳಲಿಲ್ಲ.

ಅದೇ ಗ್ರಂಥದ ಇನ್ನೊಂದು ಸಂಗತಿ ಮರುದಿನ ಕಣ್ಣೆದುರಿಗೆ ಬಂತು. ತೋಳ ನಾಯಿಯ ಕೊರಳಿಗೇ ಬಾಯಿ ಹಾಕುತ್ತದೆ. ಅದಕ್ಕೆ ಗಟ್ಟಿ ತೊಗಲಿನ ಪಟ್ಟಿಗೆ ಮೊಳೆ ಹೊಡೆದು ಕೊರಳಿಗೆ ಕಟ್ಟಬೇಕು, ಮೊಳೆಯ ತಲೆ ಚುಚ್ಚದಂತೆ ಒಳಗೆ ಮೆತ್ತನೆಯ ತೊಗಲು ಹೊಲಿಯಬೇಕು ಎಂದು ವಾರೋ ಬರೆದಿದ್ದಾನೆ. ಸಿನ್ಯೋರಾ ಗೋಡೆಯ ಗೂಟದಿಂದ ಇಳಿಸಿ ನನ್ನ ಕೈಗಿತ್ತದ್ದು ಅದರದೇ ಮೊಮ್ಮಗ: ಕೊಂಡಿ ಕೊಂಡಿಯಾಗಿ ಮಡಚುವ ಕಬ್ಬಿಣದ ಪಟ್ಟಿ, ಸುತ್ತಲೂ ಬೆರಳುದ್ದದ ಚೂಪು ಮುಳ್ಳು. ಇಲ್ಲಿಯವರು ಅದನ್ನು ವ್ರೆಕ್ಕಾಲೆ ಎನ್ನುತ್ತಾರೆ. ಒಮ್ಮೆ ಮುಳ್ಳು ತಾಗಿಸಿಕೊಂಡ ತೋಳ ಪಟ್ಟಿ ಇಲ್ಲದ ನಾಯಿಗೂ ಹೆದರುತ್ತದೆ ಎಂಬ ಮಾತೂ ವಾರೋನಲ್ಲಿದೆ. ನಾಯಿ ಬಿಳಿಯದೇ ಏಕೆ ಎಂಬುದಕ್ಕೆ ಅವನ ನಂತರದ ಶತಮಾನದ ರೋಮನ್ ಲೇಖಕ ಕೊಲುಮೆಲ್ಲಾ ಕಾರಣ ಕೊಟ್ಟಿದ್ದಾನೆ. ನಸುಕಿನ, ಮುಸ್ಸಂಜೆಯ ಮಬ್ಬಿನಲ್ಲಿ ಕುರಿಗಾಹಿ ತೋಳವೆಂದು ತಿಳಿದು ತನ್ನ ನಾಯಿಗೇ ಹೊಡೆಯಬಾರದು. ಮನೆ ಕಾಯುವ ನಾಯಿ ಮಾತ್ರ ಕಪ್ಪಗಿರಲಿ, ಕಳ್ಳನಿಗೆ ಭಯ ಹುಟ್ಟಲಿ ಎನ್ನುತ್ತಾನೆ.

ಆರೈಕೆಯ ಕೆಲಸ ನಾನು ಕೇಳಿ ವಹಿಸಿಕೊಂಡೆ. ಬೆಳಿಗ್ಗೆ ಹಾಲು ಕಾಸಿ ಗಿಣ್ಣು ತೆಗೆದ ಮೇಲೆ ಉಳಿದ ತಿಳಿನೀರಿಗೆ ಗೋಧಿ ತೌಡು ಕಲಸಿ ಕೊಡುವುದು ಹಳೆಯ ಪದ್ಧತಿ. ಈಗ ಒಣ ಆಹಾರವನ್ನೂ ಬೆರೆಸುತ್ತಾರೆ. ಅಷ್ಟು ದೊಡ್ಡ ಮೈಗೆ ಅವು ತಿನ್ನುವುದು ಕಡಿಮೆಯೇ. ಉಂಡ ತಕ್ಷಣ ಓಡಲು ಬಿಡಬಾರದು. ಇಂಥ ದೊಡ್ಡ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ಮರಿಗಳನ್ನು ಬೇಗ ಕೊಬ್ಬಿಸಲೂಬಾರದು. ಮೂಳೆ ಬಲಿಯುವ ಮೊದಲು ತೂಕ ಬಂದರೆ ಸೊಂಟದ ಕೀಲು ಕೆಡುತ್ತದೆ. ಎರಡು ವರ್ಷ ತುಂಬುವವರೆಗೆ ಇವು ಮೈಯಲ್ಲಿ ದೊಡ್ಡವಾದರೂ ಬುದ್ಧಿಯಲ್ಲಿ ಮಕ್ಕಳೇ. ಆಡುತ್ತ ಕುರಿಮರಿಯ ಕಿವಿ ಕಚ್ಚುತ್ತವೆ. ಆಗ ಹಿರಿಯ ನಾಯಿಯೋ ಹಳೆಯ ಕುರಿಯೋ ಗುಮ್ಮಿ ಬುದ್ಧಿ ಹೇಳುತ್ತದೆ. ಕೂದಲು ಎರಡು ಪದರ. ಒಳಗಿನ ಉಣ್ಣೆಯಂಥ ಪದರ ಚಳಿಯನ್ನೂ ಬಿಸಿಲನ್ನೂ ತಡೆಯುವುದರಿಂದ ಬೇಸಿಗೆಯಲ್ಲೂ ಬೋಳಿಸುವುದಿಲ್ಲ. ಸ್ನಾನವೂ ಇಲ್ಲ, ಕೆಸರು ಒಣಗಿ ತಾನೇ ಉದುರುತ್ತದೆ.

ಎಲ್ಲಕ್ಕಿಂತ ತಾಳ್ಮೆ ಬೇಡುವ ಕೆಲಸ ಹುಲ್ಲಿನ ತೆನೆಮುಳ್ಳು ತೆಗೆಯುವುದು. ಕಾಡು ಬಾರ್ಲಿಯ ಒಣ ತೆನೆ ನಮ್ಮ ಉತ್ತರಾಣಿಯ ಹಾಗೆ ಮೈಗೆ ಅಂಟುತ್ತದೆ, ಆದರೆ ಅಂಟಿ ಸುಮ್ಮನಿರುವುದಿಲ್ಲ. ಅದರ ಕೊಕ್ಕೆಗಳು ಮುಂದಕ್ಕಷ್ಟೇ ಹೋಗುವಂತಿವೆ. ಬೆರಳಸಂದಿಗೆ, ಕಿವಿಗೆ, ಮೂಗಿಗೆ ಹೊಕ್ಕು ಚರ್ಮದೊಳಗೆ ಸಾಗುತ್ತದೆ. ಒಂದು ಸಂಜೆ ನೇವೆ ಕುಂಟುತ್ತ ಬಂತು. ಮುಂಗಾಲನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಪಾದ ನನ್ನ ಅಂಗೈಯಷ್ಟು ಅಗಲ, ಅಂಗಾಲು ಎರೆಮಣ್ಣಿನ ಹಾಗೆ ಬಿರುಕು ಬಿಟ್ಟಿತ್ತು. ಬೆರಳುಗಳ ನಡುವೆ ಕಡಲೆಕಾಳಿನಷ್ಟು ಬಾವು, ಅದರ ತುದಿಯಲ್ಲಿ ಕೂದಲೆಳೆಯಂಥ ಕಡ್ಡಿ. ಉಗುರುಬಿಸಿ ಉಪ್ಪುನೀರಿನಲ್ಲಿ ನೆನೆಸಿ ಚಿಮಟದಿಂದ ಎಳೆದೆ. ನೋವಿಗೆ ಅದರ ಮೈ ಒಮ್ಮೆ ನಡುಗಿತು, ಹಲ್ಲು ಮಾತ್ರ ತೋರಿಸಲಿಲ್ಲ. ಕಡ್ಡಿ ಕೀವಿನೊಂದಿಗೆ ಹೊರಬಂತು. ನೇವೆ ನನ್ನ ಮಣಿಕಟ್ಟನ್ನು ಒಮ್ಮೆ ನೆಕ್ಕಿತು. ತಕ್ಷಣ ಎದ್ದು, ನಾಲ್ಕನೆಯ ಕಾಲು ನೆಲಕ್ಕೆ ಊರದೆಯೇ, ಕುರಿಗಳತ್ತ ಹೋಯಿತು. ಇನ್ನೂ ಸ್ವಲ್ಪ ಹೊತ್ತು ಕೂರಲಿ ಎಂದು ಕರೆದೆ. ತಿರುಗಿ ನೋಡಿತು, ಬಾಲ ಆಡಿಸಿತು, ನಿಲ್ಲಲಿಲ್ಲ.

ಕೊನೆಯ ವಾರದ ಒಂದು ರಾತ್ರಿ ಬೆಟ್ಟದ ಬಿಡಾರದಲ್ಲಿ ಮಲಗಿದ್ದೆ. ಎರಡು ಗಂಟೆಯ ಹೊತ್ತಿಗೆ ದೂರದ ಕಣಿವೆಯಿಂದ ತೋಳದ ಊಳು ಕೇಳಿತು. ನಾಯಿಗಳು ಒಂದೇ ಸಲ ಎದ್ದವು. ಯಾರೂ ಹೇಳಲಿಲ್ಲ, ಸಿಳ್ಳೆ ಹಾಕಲಿಲ್ಲ. ಮೂರು ನಾಯಿಗಳು ಊಳು ಬಂದ ದಿಕ್ಕಿಗೆ ಮುಂದಾಗಿ ನಿಂತು ಬೊಗಳಿದವು. ಒಂದು ಹಿಂದಿನ ದಿಬ್ಬಕ್ಕೆ ಹೋಯಿತು, ತೋಳಗಳು ಎರಡು ಕಡೆಯಿಂದ ಬರಬಹುದಲ್ಲ. ನೇವೆ ದೊಡ್ಡಿಯ ಬಲೆಯ ಪಕ್ಕ ಕುರಿಗಳಿಗೆ ಮೈ ತಾಗಿಸಿ ನಿಂತಿತು. ಒಂದು ಗಂಟೆ ಬೊಗಳುವಿಕೆ ನಡೆಯಿತು, ಕಾಳಗ ನಡೆಯಲಿಲ್ಲ. ಇಲ್ಲಿ ಹೊಟ್ಟೆ ತುಂಬದು, ಗಾಯವಷ್ಟೇ ಆದೀತು ಎಂದು ತೋಳಕ್ಕೆ ತಿಳಿಸಿದರೆ ನಾಯಿಯ ಕೆಲಸ ಮುಗಿಯಿತು. ಬೆಳಿಗ್ಗೆ ಎಣಿಸಿದಾಗ ಕುರಿಗಳೆಲ್ಲ ಇದ್ದವು. ತೋಳವೂ ಎಲ್ಲೋ ಬದುಕಿತ್ತು.

ಈ ಎರಡನೆಯ ಮಾತು ಸಣ್ಣದಲ್ಲ. 1970ರ ದಶಕದ ಆರಂಭದಲ್ಲಿ ಇಟಲಿಯಲ್ಲಿ ಉಳಿದಿದ್ದ ತೋಳಗಳು ಸುಮಾರು ನೂರು. 1971ರಲ್ಲಿ ಬೇಟೆ ನಿಲ್ಲಿಸಿದರು, 1976ರಲ್ಲಿ ಪೂರ್ಣ ರಕ್ಷಣೆ ಕೊಟ್ಟರು. 2020-21ರ ಗಣತಿಯಲ್ಲಿ ಅಂದಾಜು 3,300 ತೋಳಗಳಿದ್ದವು. ತೋಳವೂ ಹೆಚ್ಚಬೇಕು, ಕುರಿಗಾರನೂ ಉಳಿಯಬೇಕು ಎಂದರೆ ಇವೆರಡರ ನಡುವೆ ಯಾರೋ ನಿಲ್ಲಬೇಕು. ನಿಂತವರಿಗೆ ಅಪಾಯ ತಪ್ಪಿದ್ದಲ್ಲ. ತೋಳಕ್ಕೆಂದು ಯಾರೋ ಕಳ್ಳತನದಲ್ಲಿ ಇಟ್ಟ ವಿಷದ ತುಂಡನ್ನು ಕುರಿ ನಾಯಿಯೂ ತಿಂದು ಸಾಯುತ್ತದೆ. ಅಂಥ ವಿಷವನ್ನು ಮೂಸಿ ಪತ್ತೆ ಮಾಡುವ ನಾಯಿಗಳ ಒಂದು ದಳವನ್ನೇ ಗ್ರಾನ್ ಸಾಸೊ ರಾಷ್ಟ್ರೀಯ ಉದ್ಯಾನದವರು ಕಟ್ಟಿದ್ದಾರೆ. ನಾಯಿಯ ಪ್ರಾಣಕ್ಕೆ ನಾಯಿಯೇ ಕಾವಲು. ನಮ್ಮ ಕೊಪ್ಪಳ, ಗದಗ ಸೀಮೆಯ ಕುರುಚಲು ಬಯಲಲ್ಲೂ ತೋಳವಿದೆ, ಅದಕ್ಕೂ ಕಾನೂನಿನ ರಕ್ಷೆಯಿದೆ. ಕಂಬಳಿ ಹೊದ್ದು ಹಿಂಡಿನ ಪಕ್ಕ ಮಲಗುವ ಕುರಿಗಾರನೂ ಇದ್ದಾನೆ. ಅವನ ನಾಯಿಗೆ ತಳಿಯ ಹೆಸರಿಲ್ಲ, ದಾಖಲೆಯಿಲ್ಲ. ಆ ನಾಯಿಗೆ ವರ್ಷಕ್ಕೊಂದು ರೇಬಿಸ್ ಲಸಿಕೆ, ಒಂದು ಗಟ್ಟಿ ಕೊರಳಪಟ್ಟಿ ಸಿಗುವಂತೆ ನೋಡಿಕೊಂಡರೆ ತೋಳಕ್ಕೂ ನಾವು ಉಪಕಾರ ಮಾಡಿದಂತೆ.

ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಇಂಥ ಪೊದೆಗೂದಲಿನ ದೈತ್ಯ ನಾಯಿಗಳನ್ನು ಕಂಡಿದ್ದೇನೆ. ಸಾಕುವವರಿಗೆ ಪ್ರೀತಿ ಕಡಿಮೆಯಿಲ್ಲ, ತಂಪಿಗೆ ಯಂತ್ರವನ್ನೂ ಇಟ್ಟಿರುತ್ತಾರೆ. ಆದರೂ ರಾತ್ರಿಯಿಡೀ ಬೊಗಳುವುದು ಇವುಗಳ ಧರ್ಮ. ಕರೆದಾಗಲೆಲ್ಲ ಬರದಿರುವುದೂ, ಹೊಸಬರನ್ನು ತಡೆಯುವುದೂ, ತನಗೆ ತೋಚಿದಂತೆ ನಿರ್ಧರಿಸುವುದೂ ಅದೇ ಧರ್ಮದ ಭಾಗ. ನೂರಾರು ತಲೆಮಾರುಗಳ ಕುರಿಗಾರರು ಬೇಕೆಂದೇ ಉಳಿಸಿಕೊಂಡ ಗುಣಗಳು ನಾಲ್ಕು ಗೋಡೆಯ ನಡುವೆ ದೋಷಗಳಾಗಿಬಿಡುತ್ತವೆ. ಈ ನಾಯಿಗೆ ಅನ್ನ, ಔಷಧಿ, ಅಕ್ಕರೆ ಎಲ್ಲ ಕೊಟ್ಟರೂ ಕಾಯಲು ಒಂದು ಹಿಂಡು ಕೊಡದಿದ್ದರೆ ಆರೈಕೆ ಅರ್ಧವೇ.

ಹೊರಡುವ ಹಿಂದಿನ ಸಂಜೆ ನಾವು ಹಳೆಯ ತ್ರಾತ್ತೂರೊ ದಾರಿಯಲ್ಲಿ ನಡೆದೆವು. ಲಾಕ್ವಿಲಾದಿಂದ ದಕ್ಷಿಣದ ಫೋಜ್ಜಾವರೆಗೆ 244 ಕಿಲೋಮೀಟರ್ ಉದ್ದ, 111 ಮೀಟರ್ ಅಗಲದ ಹುಲ್ಲಿನ ಹೆದ್ದಾರಿ. 1447ರಲ್ಲಿ ಅರಗಾನ್ ವಂಶದ ದೊರೆ ಅಲ್ಫೊನ್ಸೊ ಕುರಿಗಳ ಸುಂಕಕ್ಕೆಂದೇ ಕಟ್ಟಳೆ ಮಾಡಿದ ಮೇಲೆ ಇಂಥ ದಾರಿಗಳಲ್ಲಿ ಪ್ರತಿ ಶರತ್ಕಾಲ ಲಕ್ಷಗಟ್ಟಲೆ ಕುರಿಗಳು ಇಳಿಯುತ್ತಿದ್ದವು. ಈಗ ಹೆಚ್ಚಿನವು ಲಾರಿಯಲ್ಲಿ ಹೋಗುತ್ತವೆ. ಈ ವಲಸೆಯ ಪರಂಪರೆಯನ್ನು ಯುನೆಸ್ಕೊ 2019ರಲ್ಲಿ ತನ್ನ ಪಟ್ಟಿಗೆ ಸೇರಿಸಿತು.

ಆ ದಾರಿಯಲ್ಲಿ ಮಗಳಿಗೆ ಕರಿಯನ ಕಥೆ ಹೇಳಿದೆ. ಅಪ್ಪ ಹೇಳಿದ ಮಾತನ್ನೂ ಹೇಳಿದೆ. ಅವಳು ಕೇಳಿದಳು, "ನೀ ಹೋಗಿದ್ದೆಲ್ಲ. ನಿಮ್ಮನ್ನ ನೋಡಿ ಅವ ಏನ್ ಮಾಡಿದ?"

ಐವತ್ತು ವರ್ಷ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನನಗೆ ಎಲ್ಲವೂ ನೆನಪಿತ್ತು. ಕರಿಯ ದೂರದಿಂದಲೇ ಗುರುತು ಹಿಡಿದು ಕುಂಯ್‌ಗುಡುತ್ತ ಓಡಿ ಬಂದ. ಅಪ್ಪನ ಎರಡೂ ಕೈ ನೆಕ್ಕಿದ. ನನ್ನ ಎದೆಯ ಮೇಲೆ ಕಾಲಿಟ್ಟು ನನ್ನನ್ನು ಕೆಡವಿದ. ಅಪ್ಪ "ಬಾರಲೇ" ಎಂದು ತಿರುಗಿ ಹೊರಟಾಗ ನಮ್ಮ ಹಿಂದೆಯೇ ಬಂದ. ಹೊಲದ ಬದುವಿನವರೆಗೆ ಬಂದ. ಬದುವಿನ ಮೇಲೆ ನಿಂತ. ನಮ್ಮನ್ನು ನೋಡಿದ, ಹಿಂದೆ ಕುರಿಗಳನ್ನು ನೋಡಿದ, ಮತ್ತೆ ನಮ್ಮನ್ನು ನೋಡಿದ. ನಾವು ಹಳ್ಳಕ್ಕೆ ಇಳಿದು ಮರೆಯಾಗುವವರೆಗೂ ಅವನು ಆ ಬದುವಿನ ಮೇಲೇ ನಿಂತಿದ್ದ.

ಅವನು ನಮ್ಮನ್ನು ಮರೆತಿರಲಿಲ್ಲ. ಪೊಂಟಿಯಾನಸನ ನಾಯಿಗಳಿಗೂ ಅವನಿಗೂ ಇದ್ದದ್ದು ಒಂದೇ ಸಂಕಟ: ಕೂಡಿ ಬಾಳಿದ ಬಳಗವನ್ನು ನಾವು ಎರಡಾಗಿ ಹರಿದಿದ್ದೆವು. ಆ ನಾಯಿಗಳು ಒಂದು ಕಡೆ ಹೋದವು, ನಮ್ಮ ಕರಿಯ ಇನ್ನೊಂದು ಕಡೆ ಹೋದ. ನಾವು ಇಬ್ಬರು ನಮ್ಮನ್ನು ನಾವು ಕಾಯಬಲ್ಲವರು. ಆ ಅರವತ್ತು ಬಡಕಲು ಕುರಿಗಳಿಗೆ ಹೊಸ ಸೀಮೆಯಲ್ಲಿ ಅವನೊಬ್ಬನೇ ಇದ್ದ.

ಮಾತಾಡುತ್ತ ಬಿಡಾರದ ಹತ್ತಿರ ಬಂದಾಗ ಕತ್ತಲಾಗುತ್ತಿತ್ತು. ನೇವೆ ಎದ್ದು ಬಂದು ನನ್ನ ಕೈ ಮೂಸಿತು. ನಾನು ಬಗ್ಗಿ ಅದರ ಮುಂಗಾಲಿನ ಬೆರಳಸಂದಿ ನೋಡಿದೆ, ಗಾಯ ಮಾಗಿತ್ತು. "ಹೋಗು, ನಿನ್ನ ಕುರಿ ಹತ್ರ ಹೋಗು," ಎಂದು ಕನ್ನಡದಲ್ಲೇ ಹೇಳಿದೆ. ಅದು ಹೋಯಿತು. ಅಪ್ಪ ಬದುಕಿದ್ದಿದ್ದರೆ ಆ ಮಾತನ್ನು ಅವನ ಎದುರು ಇನ್ನೊಮ್ಮೆ ಹೇಳುತ್ತಿದ್ದೆ.